ಕೀಲಿ ಕೊಟ್ಟ ಮೇಲೆ ಬೈಕು ಯಾರ ಜವಾಬ್ದಾರಿ?

ಆತ್ಮೀಯರೇ,

ಈ ಸಭೆಯಲ್ಲಿ ಎರಡೂ ಕಡೆಯವರು ಕುಳಿತಿದ್ದೀರಿ. ಬೈಕನ್ನು ಸರ್ವಿಸ್‌ಗೆ ಬಿಡುವವರು ಇದ್ದೀರಿ, ಅದನ್ನು ಬಿಚ್ಚಿ, ತೊಳೆದು, ಸರಿಪಡಿಸಿ ಸಂಸಾರ ಸಾಗಿಸುವವರೂ ಇದ್ದೀರಿ. ಹೀಗಾಗಿ ಹೇಳಬೇಕಾದದ್ದನ್ನು ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಗ್ರಾಹಕ ಕೀಲಿ ಕೊಟ್ಟ ಗಳಿಗೆಯಿಂದ ಅದನ್ನು ಮರಳಿ ಪಡೆಯುವವರೆಗೆ ಬೈಕಿಗೆ ಏನೇ ಆದರೂ, ಆದದ್ದೇನು ಎಂದು ಹೇಳಬೇಕಾದವರು ವರ್ಕ್‌ಶಾಪಿನವರು. ಅದನ್ನೂ ಗ್ರಾಹಕ ಕಂಡುಹಿಡಿದು ಕೇಳುವ ಮೊದಲೇ ಹೇಳಬೇಕು. ಬೈಕಿಗೆ ಪೆಟ್ಟಾಗುವುದು ನಷ್ಟ. ಆದ ಪೆಟ್ಟನ್ನು ಬಚ್ಚಿಟ್ಟು ಬಿಲ್ಲು ಕೈಗಿಡುವುದು ಮೋಸ.

ನಾನು ಪಾಲಿಟೆಕ್ನಿಕ್‌ನ ಆಟೊಮೊಬೈಲ್ ವಿಭಾಗದಲ್ಲಿ ಪಾಠ ಮಾಡಿದವನು. ನನ್ನ ಹಲವು ವಿದ್ಯಾರ್ಥಿಗಳು ಈಗ ಗ್ಯಾರೇಜ್ ಇಟ್ಟಿದ್ದಾರೆ. ಅವರ ಕಷ್ಟವೂ ನನಗೆ ಗೊತ್ತು, ಅವರ ಬಾಗಿಲಲ್ಲಿ ಸಿಟ್ಟಿನಿಂದ ನಿಂತ ಗ್ರಾಹಕರ ಕಷ್ಟವೂ ಗೊತ್ತು.

ನಮ್ಮ ಮಲೆನಾಡಿನಲ್ಲಿ ಬೈಕು ಇಲ್ಲದ ವಾರ ಎಂದರೆ ಏನೆಂಬುದನ್ನು ಊರಿನ ಒಳಭಾಗದವರು ಬಲ್ಲರು. ಹೊಸನಗರ, ಸೊರಬದ ಒಳಹಳ್ಳಿಗಳಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು ಬಂದರೆ ಅದೇ ಹೆಚ್ಚು. ಹಾಲಿನ ಕ್ಯಾನು ಡೇರಿಗೆ ಹೋಗುವುದು ಬೈಕಿನಲ್ಲಿ, ಮಕ್ಕಳು ಶಾಲೆಯ ವ್ಯಾನು ನಿಲ್ಲುವ ಕೈಮರದವರೆಗೆ ಬರುವುದು ಬೈಕಿನಲ್ಲಿ, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಮೊದಲು ಪೇಟೆಯಿಂದ ಮೈಲುತುತ್ತ, ಸುಣ್ಣ ಬರುವುದೂ ಬೈಕಿನಲ್ಲೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆ ಮಳೆಯಲ್ಲಿ, ಕೆಂಪು ಕೆಸರಿನಲ್ಲಿ, ಘಟ್ಟದ ತಿರುವುಗಳಲ್ಲಿ ಓಡುವ ಬೈಕಿಗೆ ಚೈನು, ಬ್ರೇಕು, ಕ್ಲಚ್ಚು ಬಯಲುಸೀಮೆಗಿಂತ ಬೇಗ ಸವೆಯುತ್ತವೆ. ಆದ್ದರಿಂದಲೇ ಮಳೆ ಹಿಡಿಯುವ ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ಶಿವಮೊಗ್ಗಕ್ಕೆ ತಂದು ಸರ್ವಿಸ್ ಮಾಡಿಸುವವರು ಬಹಳ. ಅಷ್ಟು ದೂರದಿಂದ ಬಂದವರು ಕೆಲಸ ಮುಗಿಯುವವರೆಗೆ ಪಕ್ಕದಲ್ಲಿ ಕಾದು ನೋಡಲಾರರು. ನಂಬಿ ಬಿಟ್ಟು, ಬಸ್ಸು ಹತ್ತಿ ಹೋಗುತ್ತಾರೆ.

ಸರ್ವಿಸ್‌ನಲ್ಲಿ ಆಗುವ ಹಾನಿ ಎಂದೊಡನೆ ಟ್ಯಾಂಕಿನ ನೆಗ್ಗು, ಮಡ್‌ಗಾರ್ಡಿನ ಗೀರು, ಮುರಿದ ಇಂಡಿಕೇಟರ್ ನೆನಪಾಗುತ್ತವೆ. ಇಕ್ಕಟ್ಟಾದ ಶೆಡ್ಡಿನಲ್ಲಿ ಹ್ಯಾಂಡಲಿಗೆ ಹ್ಯಾಂಡಲ್ ತಾಗಿಸಿ ನಿಲ್ಲಿಸಿದ ಸಾಲಿನಲ್ಲಿ ಒಂದು ಬೈಕು ವಾಲಿದರೆ ನಾಲ್ಕಕ್ಕೆ ಪೆಟ್ಟು. ಬ್ರೇಕ್ ಆಯಿಲ್ ತೊಟ್ಟಿಕ್ಕಿದ್ದನ್ನು ಕೂಡಲೇ ತೊಳೆಯದಿದ್ದರೆ ಟ್ಯಾಂಕಿನ ಬಣ್ಣ ಎದ್ದು ಬರುತ್ತದೆ. ಇವು ಕಣ್ಣಿಗೆ ಕಾಣುತ್ತವೆ, ಜಗಳವೂ ಅಲ್ಲೇ ಆಗುತ್ತದೆ. ನನಗೆ ಭಯವಿರುವುದು ಕಾಣದ ಹಾನಿಯ ಬಗ್ಗೆ.

ಒಂದನ್ನೇ ವಿವರವಾಗಿ ಹೇಳುತ್ತೇನೆ. ಎಂಜಿನ್ ಆಯಿಲ್ ಬದಲಿಸಲು ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚುತ್ತೇವೆ. ಬೋಲ್ಟು ಉಕ್ಕಿನದು, ಅದು ಕೂರುವ ಎಂಜಿನ್ ಕೇಸು ಅಲ್ಯೂಮಿನಿಯಂನದು. ಉಕ್ಕಿಗೆ ಹೋಲಿಸಿದರೆ ಅಲ್ಯೂಮಿನಿಯಂ ಬಹಳ ಮೆದು. ಎಷ್ಟು ಬಿಗಿ ಮಾಡಬೇಕೆಂದು ಕಂಪನಿಯವರು ಸರ್ವಿಸ್ ಪುಸ್ತಕದಲ್ಲಿ ಅಳತೆ ಕೊಟ್ಟಿರುತ್ತಾರೆ, ಅದಕ್ಕೆಂದೇ ಟಾರ್ಕ್ ರೆಂಚ್ ಇದೆ. ಅದನ್ನು ಬಿಟ್ಟು ಉದ್ದ ಹಿಡಿಯ ಸ್ಪ್ಯಾನರ್ ಹಾಕಿ, ಇನ್ನೊಂದು ಎಳೆತ ಇರಲಿ ಎಂದು ಎಳೆದರೆ ಕೇಸಿನೊಳಗಿನ ಥ್ರೆಡ್ಡು, ಅಂದರೆ ಬೋಲ್ಟು ಕಚ್ಚಿಕೊಳ್ಳುವ ಸುರುಳಿ ಗೆರೆ, ಕಿತ್ತು ಹೋಗುತ್ತದೆ. ಕೈಗೆ ಆ ಕ್ಷಣವೇ ಗೊತ್ತಾಗುತ್ತದೆ: ಬಿಗಿಯಾಗುತ್ತಿದ್ದ ಬೋಲ್ಟು ಇದ್ದಕ್ಕಿದ್ದಂತೆ ಸಲೀಸಾಗಿ ತಿರುಗತೊಡಗುತ್ತದೆ. ಅಲ್ಲಿಯೇ ನಿಲ್ಲಿಸಿ, ಹೊಸ ಥ್ರೆಡ್ಡಿರುವ ಲೋಹದ ತುಂಡು, ಅಂದರೆ ಥ್ರೆಡ್ ಇನ್ಸರ್ಟ್ ಕೂರಿಸಿದರೆ ಕೇಸು ಉಳಿಯುತ್ತದೆ, ಅದೇನೂ ಆಗದ ಕೆಲಸವಲ್ಲ. ಆದರೆ ಬೋಲ್ಟಿಗೆ ಟೇಪು ಸುತ್ತಿಯೋ, ಅಂಟು ಮೆತ್ತಿಯೋ ಕಳಿಸಿಬಿಡುವವರಿದ್ದಾರೆ. ಕೆಲವು ದಿನ ಏನೂ ಕಾಣುವುದಿಲ್ಲ. ಬಿಸಿಗೆ, ನಡುಕಕ್ಕೆ ಅಂಟು ಬಿಡುತ್ತದೆ, ಆಯಿಲ್ ಒಸರುತ್ತದೆ. ಸೋರಿದ ಆಯಿಲ್ ಹಿಂದಿನ ಟಯರಿಗೆ ಸಿಡಿದರೆ ತಿರುವಿನಲ್ಲಿ ಬೈಕು ಜಾರುತ್ತದೆ. ಪೂರ್ತಿ ಖಾಲಿಯಾದರೆ ಎಂಜಿನ್ ಹಿಡಿದುಕೊಳ್ಳುತ್ತದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಆಗುಂಬೆ ಘಾಟಿಯ ಹಿಮ್ಮುರಿ ತಿರುವು ಇಳಿಯುತ್ತಿರುವವನಿಗೆ ಹೀಗಾದರೆ? ಗ್ಯಾರೇಜಿನಲ್ಲಿ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತಿದ್ದ ತಪ್ಪು ಮನುಷ್ಯನ ಜೀವದವರೆಗೆ ಹೋಗುತ್ತದೆ. ಮುಚ್ಚಿಡುವುದನ್ನು ನಾನು ಮೋಸ ಎಂದದ್ದು ಇದಕ್ಕಾಗಿ.

ನೀರಿನ ವಿಷಯವೂ ಹಾಗೆಯೇ. ಕೆಸರು ಹೋಗಲೆಂದು ಪ್ರೆಷರ್ ಪಂಪಿನ ನೀರನ್ನು ಹತ್ತಿರದಿಂದ ಹೊಡೆದರೆ ಅದು ಚಕ್ರದ ಬೇರಿಂಗಿನ ಸೀಲು ದಾಟಿ ಗ್ರೀಸನ್ನು ತೊಳೆಯುತ್ತದೆ, ವೈರಿನ ಕಪ್ಲರುಗಳೊಳಗೆ ನಿಲ್ಲುತ್ತದೆ. 2020ರ ಏಪ್ರಿಲ್ 1ರಿಂದ ಕಡ್ಡಾಯವಾದ ಬಿಎಸ್ 6 ಹೊಗೆ ನಿಯಮದ ಬೈಕುಗಳಲ್ಲಿ ಸೆನ್ಸರುಗಳು ಹೆಚ್ಚು. ಎರಡು ದಿನ ಬಿಟ್ಟು ಮೀಟರಿನಲ್ಲಿ ಎಂಜಿನ್ ದೀಪ ಹತ್ತಿದಾಗ ಅದು ತೊಳೆದದ್ದರ ಫಲವೆಂದು ತೋರಿಸಿಕೊಡುವುದು ಗ್ರಾಹಕನಿಗೆ ಕಷ್ಟ.

ಇನ್ನು ಕಾನೂನು. ಇದರ ಬೇರು ಹಳೆಯದು, 1872ರ ಭಾರತೀಯ ಕರಾರು ಅಧಿನಿಯಮ. ಒಂದು ಕೆಲಸಕ್ಕಾಗಿ ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಟ್ಟು, ಕೆಲಸ ಮುಗಿದ ಮೇಲೆ ಹಿಂದಿರುಗಿಸಿಕೊಳ್ಳುವ ವ್ಯವಹಾರವನ್ನು ಅಲ್ಲಿ ಬೇಲ್‌ಮೆಂಟ್ ಎನ್ನುತ್ತಾರೆ. ಸರ್ವಿಸ್‌ಗೆ ಬಿಟ್ಟ ಬೈಕು ಅದರಲ್ಲಿ ಬರುತ್ತದೆ. 151ನೇ ಸೆಕ್ಷನ್ ಹೇಳುವುದೇನೆಂದರೆ, ಸಾಮಾನ್ಯ ವಿವೇಕವುಳ್ಳ ಮನುಷ್ಯ ಅಂಥದೇ ಸಂದರ್ಭದಲ್ಲಿ, ಅಷ್ಟೇ ಬೆಲೆಯ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನವನ್ನು ವಶಕ್ಕೆ ಪಡೆದವರು ಮಾಡಲೇಬೇಕು. ಅಷ್ಟು ಮಾಡಿಯೂ ಹಾನಿಯಾದರೆ ಅವರು ಹೊಣೆಯಲ್ಲ ಎಂದು ಮುಂದಿನ ಸೆಕ್ಷನ್ ಹೇಳುತ್ತದೆ. ನ್ಯಾಯವಾದ ಮಾತು. ಜಡಿಮಳೆಯಲ್ಲಿ ಯಾರೂ ಎಣಿಸದ ಕಡೆ ಧರೆ ಕುಸಿದು ಶೆಡ್ಡು ಮುಚ್ಚಿಹೋದರೆ ಗ್ಯಾರೇಜಿನವರನ್ನು ಹಿಡಿದು ಜಗ್ಗುವುದು ತರವಲ್ಲ. ಆದರೆ ಶೆಡ್ಡಿನ ಮೇಲೆ ವಾಲಿದ ಒಣಮರವನ್ನು ಬೇಸಿಗೆಯಿಡೀ ನೋಡುತ್ತ ಸುಮ್ಮನಿದ್ದವರು ಈ ರಕ್ಷಣೆ ಕೇಳಲಾರರು. ಜೋಪಾನ ಮಾಡಿದ್ದೆವು ಎಂದು ತೋರಿಸುವ ಭಾರವೂ ಅವರ ಮೇಲೆಯೇ, ಏಕೆಂದರೆ ಒಳಗೆ ನಡೆದದ್ದು ಅವರಿಗೆ ಗೊತ್ತೇ ಹೊರತು ಹೊರಗಿದ್ದ ಗ್ರಾಹಕನಿಗಲ್ಲ.

ಹಾಗಾದರೆ ಗೋಡೆಯ ಮೇಲೆ, ರಸೀದಿಯ ಅಡಿಯಲ್ಲಿ ‘ವಾಹನವನ್ನು ಮಾಲೀಕರು ತಮ್ಮ ಸ್ವಂತ ಜವಾಬ್ದಾರಿಯಲ್ಲಿ ಬಿಡತಕ್ಕದ್ದು’ ಎಂದು ಬರೆದಿರುತ್ತದಲ್ಲ, ಅದರ ಗತಿ ಏನು? ಇಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು ನೆನಪಿಡಬೇಕು. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಹೋದವರೊಬ್ಬರು ತಮ್ಮ ಮಾರುತಿ ಝೆನ್ ಕಾರಿನ ಕೀಲಿಯನ್ನು ಪಾರ್ಕಿಂಗಿಗಾಗಿ ಹೋಟೆಲಿನ ಸಿಬ್ಬಂದಿಗೆ ಕೊಟ್ಟಿದ್ದರು. ಕಾರು ಕಳವಾಯಿತು. ಚೀಟಿಯಲ್ಲಿ ಮಾಲೀಕರದೇ ಹೊಣೆ ಎಂದು ಅಚ್ಚಾಗಿತ್ತು. ವಿಮಾ ಕಂಪನಿ ಮಾಲೀಕರಿಗೆ ಹಣ ಕೊಟ್ಟು, ಆಮೇಲೆ ಹೋಟೆಲಿನ ವಿರುದ್ಧ ಗ್ರಾಹಕ ಆಯೋಗಕ್ಕೆ ಹೋಯಿತು. 2019ರ ನವೆಂಬರ್ 14ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, ವಾಹನವನ್ನು ವಶಕ್ಕೆ ಪಡೆದ ಮೇಲೆ ತನ್ನ ಅಥವಾ ತನ್ನ ನೌಕರರ ನಿರ್ಲಕ್ಷ್ಯದ ಹೊಣೆಯಿಂದ ಅಂಥ ಸಾಲಿನ ನೆರವಿನಿಂದ ಹೋಟೆಲು ಜಾರಿಕೊಳ್ಳಲಾಗದು ಎಂದಿತು. ಅದು ಹೋಟೆಲಿನ ಪ್ರಕರಣ ನಿಜ. ಆದರೂ ಅದರ ತಿರುಳು ಗ್ಯಾರೇಜಿಗೂ ಸಲ್ಲುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೀಲಿ ಪಡೆದು, ಕೂಲಿ ಪಡೆದು, ಹೊಣೆಯನ್ನು ಮಾತ್ರ ಬೋರ್ಡಿಗೆ ನೇತುಹಾಕುವುದು ಆಗದು.

ಟ್ರಯಲ್ ನೋಡುವುದರ ಬಗ್ಗೆ ಗ್ಯಾರೇಜಿನವರು ದಯವಿಟ್ಟು ಗಮನವಿಟ್ಟು ಕೇಳಿ. ಬ್ರೇಕು ಸರಿಯಾಗಿದೆಯೇ ಎಂದು ಓಡಿಸಿ ನೋಡುವುದು ಕೆಲಸದ ಭಾಗ. ಗ್ರಾಹಕನ ಬೈಕಿನಲ್ಲಿ ಸ್ಪೇರ್ ಪಾರ್ಟ್ಸ್ ತರಲು, ಊಟಕ್ಕೆ, ಮನೆಗೆ ಹೋಗುವುದು ಕೆಲಸದ ಭಾಗವಲ್ಲ. ಕೊಟ್ಟ ಉದ್ದೇಶ ಬಿಟ್ಟು ಬಳಸಿದಾಗ ಹಾನಿಯಾದರೆ ಬಳಸಿದವರು ತುಂಬಿಕೊಡಬೇಕೆಂದು ಅದೇ ಕಾನೂನಿನ 154ನೇ ಸೆಕ್ಷನ್ ಹೇಳುತ್ತದೆ. ಬಿಡುವಾಗ ಮೀಟರಿನ ಕಿಲೋಮೀಟರ್ ಬರೆಸಿ ಎಂದು ನಾನು ಗ್ರಾಹಕರಿಗೆ ಹೇಳುವುದು ಇದಕ್ಕೇ. ಇನ್ನೂ ಗಂಭೀರವಾದದ್ದು ಹದಿನೆಂಟು ತುಂಬದ ಹುಡುಗರ ಕೈಗೆ ಬೈಕು ಕೊಡುವುದು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಇದಕ್ಕೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ನೋಂದಣಿ ರದ್ದು ಇದೆ. ಕಾನೂನು ಹಿಡಿಯುವುದು ಹುಡುಗನ ಪೋಷಕರನ್ನು ಅಥವಾ ವಾಹನದ ಮಾಲೀಕರನ್ನು. ತನಗೆ ತಿಳಿಯದೆ ನಡೆಯಿತು ಎಂದು ಸಾಬೀತುಪಡಿಸುತ್ತ ಓಡಾಡುವ ಪಾಡು ಮನೆಯಲ್ಲಿ ಕುಳಿತಿದ್ದ ಅಮಾಯಕ ಮಾಲೀಕನಿಗೆ ಬರುತ್ತದೆ.

ತೀರ್ಥಹಳ್ಳಿ ಕಡೆಯ ತೋಟದವರೊಬ್ಬರು ನನ್ನ ಬಳಿ ಬಂದಿದ್ದರು. ಸರ್ವಿಸ್‌ನಿಂದ ಬಂದ ಬೈಕಿನ ಹ್ಯಾಂಡಲ್ ಎಡಕ್ಕೆ ಎಳೆಯುತ್ತಿತ್ತು, ಟ್ಯಾಂಕಿನ ಒಂದು ಬದಿಯ ಬಣ್ಣ ತುಸು ಬೇರೆಯಾಗಿತ್ತು. ವರ್ಕ್‌ಶಾಪಿನವರು ಮೊದಲೇ ಹಾಗಿತ್ತು ಎಂದರು. ಬೈಕು ಬಿಡುವಾಗ ತುಂಬುವ ಜಾಬ್ ಕಾರ್ಡಿನಲ್ಲಿ ಬೈಕಿನ ಚಿತ್ರದ ಮೇಲೆ ಗೀರು, ನೆಗ್ಗು ಗುರುತಿಸುವ ಜಾಗ ಖಾಲಿಯಿತ್ತು. ಅದೃಷ್ಟಕ್ಕೆ ಅವರ ಮಗ ಬಿಡುವ ದಿನವೇ ವರ್ಕ್‌ಶಾಪಿನ ಎದುರು ಮೊಬೈಲಿನಲ್ಲಿ ಬೈಕಿನ ಸುತ್ತ ಫೋಟೊ ತೆಗೆದಿದ್ದ. ಅವನ್ನು ತೋರಿಸಿದ ಮೇಲೆ ಮಾತಿನ ಧಾಟಿ ಬದಲಾಯಿತು. ಟ್ರಯಲ್‌ನಲ್ಲಿ ಬಿದ್ದದ್ದು ಹೊರಬಂತು, ಮುಂದಿನ ಚಕ್ರ ಹಿಡಿದಿರುವ ಫೋರ್ಕು ಬದಲಿಸಿಕೊಟ್ಟರು. ಫೋಟೊ ಇಲ್ಲದಿದ್ದರೆ ಬಾಗಿದ ಫೋರ್ಕಿನಲ್ಲೇ ಆ ಹಿರಿಯರು ಮಳೆಗಾಲ ಕಳೆಯಬೇಕಿತ್ತು. ನನಗೆ ಈಗಲೂ ಸಂಕಟವಾಗುವುದು ಇದನ್ನು ನೆನೆದಾಗ.

ಗ್ರಾಹಕರು ಬೈಕು ಮರಳಿ ಪಡೆಯುವಾಗ ಒಂದು ವಿಷಯ ತಿಳಿದಿರಬೇಕು. ಮಾಡಿದ ಕೆಲಸದ ಕೂಲಿ ಬರುವವರೆಗೆ ಬೈಕನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವರ್ಕ್‌ಶಾಪಿಗೆ ಇದೆ. ಹಾನಿಯ ಸಿಟ್ಟಿನಲ್ಲಿ ಬಿಲ್ಲು ಕೊಡುವುದಿಲ್ಲ ಎಂದು ಹಟ ಹಿಡಿದರೆ ಬೈಕು ಅಲ್ಲೇ ಉಳಿಯುತ್ತದೆ. ಬಿಲ್ಲು ಕೊಡಿ, ಬಿಲ್ಲಿನ ಮೇಲೆಯೇ ಇಂಥ ಹಾನಿಗೆ ಆಕ್ಷೇಪವಿದೆ ಎಂದು ಬರೆದು ಸಹಿ ಮಾಡಿ, ಅದರ ಫೋಟೊ ಇಟ್ಟುಕೊಳ್ಳಿ. ಕೆಲಸ ತೃಪ್ತಿಕರ ಎಂಬ ಸಾಲಿನ ಕೆಳಗೆ ಬೈಕು ನೋಡದೆ ಸಹಿ ಮಾಡಬೇಡಿ.

ನಿಮ್ಮ ವಿಮೆಯಲ್ಲಿ ಕ್ಲೇಮ್ ಮಾಡಿಸಿಕೊಳ್ಳಿ ಎಂದು ವರ್ಕ್‌ಶಾಪಿನವರು ಹೇಳಿದರೆ ಕೂಡಲೇ ಒಪ್ಪಬೇಡಿ. ಕ್ಲೇಮ್ ಮಾಡದ ವರ್ಷಗಳಿಗೆ 20ರಿಂದ 50 ಪ್ರತಿಶತದವರೆಗೆ ಕೂಡುತ್ತ ಬಂದ ನೋ ಕ್ಲೇಮ್ ಬೋನಸ್, ಅಂದರೆ ವಿಮಾ ಕಂತಿನ ರಿಯಾಯಿತಿ, ಹೋಗುವುದು ನಿಮ್ಮದು. ವರ್ಕ್‌ಶಾಪಿನಲ್ಲಿರುವ, ಟ್ರಯಲ್‌ಗೆ ಹೋದ ವಾಹನಗಳಿಗೆಂದೇ ಗ್ಯಾರೇಜ್ ಮಾಲೀಕರು ಮಾಡಿಸಬಹುದಾದ ಮೋಟಾರ್ ಟ್ರೇಡ್ ಪಾಲಿಸಿಗಳಿವೆ. ಸಣ್ಣ ಗ್ಯಾರೇಜಿಗೆ ಅದು ಭಾರವೆನಿಸಬಹುದು. ಹಲವರು ಒಟ್ಟಾಗಿ ವಿಮಾ ಕಂಪನಿಯವರನ್ನು ಕರೆಸಿ ಮಾತಾಡಿ ಎಂದು ನಾನು ಒತ್ತಾಯದಿಂದ ಕೇಳಿಕೊಳ್ಳುತ್ತೇನೆ.

ಮಾತಿನಲ್ಲಿ ಬಗೆಹರಿಯದಿದ್ದರೆ ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ. ಆಮೇಲೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ದೂರು ಕೊಡಬೇಕು. ಸೇವೆಗೆ ಕೊಟ್ಟ ಹಣ 5 ಲಕ್ಷ ದಾಟದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನಲ್ಲಿ ಹಾನಿಯಾದ ಬೈಕಿಗೆ ಸಾಗರದವರು ಶಿವಮೊಗ್ಗದಲ್ಲಿ ಕೇಳಬಹುದು. ಉಚಿತ ಸರ್ವಿಸ್ ತಾನೆ ಎಂಬ ಮಾತಿಗೆ ಅಳುಕಬೇಡಿ, ಅದರ ಬೆಲೆ ಬೈಕಿನ ಬೆಲೆಯಲ್ಲೇ ಸೇರಿದೆ.

ಕೊನೆಯದಾಗಿ ಗ್ಯಾರೇಜಿನ ಹುಡುಗರ ವಿಷಯ. ಇದನ್ನು ಹೇಳದೆ ನಾನು ಇಳಿಯಲಾರೆ. ಹಾನಿಯಾದಾಗ ಅನೇಕ ಕಡೆ ಮೊದಲು ಆಗುವುದು ಹುಡುಗನ ಸಂಬಳಕ್ಕೆ ಕತ್ತರಿ. ವೇತನದ ಕಾನೂನು ಇದಕ್ಕೆ ಮಿತಿ ಹಾಕಿದೆ: ನಷ್ಟ ಅವನ ನಿರ್ಲಕ್ಷ್ಯದಿಂದಲೇ ನೇರವಾಗಿ ಆಗಿರಬೇಕು, ಅವನ ಮಾತನ್ನು ಕೇಳಿರಬೇಕು, ಹಿಡಿದ ಹಣ ನಷ್ಟವನ್ನು ಮೀರಬಾರದು. ಇಕ್ಕಟ್ಟಿನ ಶೆಡ್ಡು, ಟಾರ್ಕ್ ರೆಂಚ್ ಇಲ್ಲದ ಸಲಕರಣೆ ಪೆಟ್ಟಿಗೆ, ಸಂಜೆಯೊಳಗೆ ಮುಗಿಸಬೇಕಾದ ಬೈಕುಗಳ ಸಾಲು, ಇವು ಹುಡುಗನ ನಿರ್ಲಕ್ಷ್ಯವಲ್ಲ. ಥ್ರೆಡ್ಡು ಕಿತ್ತುಹೋದ ಕ್ಷಣದಲ್ಲಿ ಅದನ್ನು ಬಲ್ಲವನು ಅವನೊಬ್ಬನೇ. ಹೇಳಿದರೆ ತಿಂಗಳ ಸಂಬಳ ಹೋಗುತ್ತದೆಂದು ಗೊತ್ತಿರುವವನು ಟೇಪು ಸುತ್ತುತ್ತಾನೆ. ಇಲ್ಲಿರುವ ಮಾಲೀಕರು ನಾಳೆ ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಹುಡುಗರನ್ನು ಕರೆದು, ಏನೇ ಆದರೂ ಬಂದು ಹೇಳು, ಸಂಬಳ ಮುರಿಯುವುದಿಲ್ಲ ಎಂದು ಹೇಳಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ. ಮೊದಲು ಗ್ಯಾರೇಜಿನವರು ಮಾತಾಡಲಿ.