ಮೊದಲ ಪಾಠ: ತೊಳೆದ ಕೈ

ಕೇಳುಗರಿಗೆ ನಮಸ್ಕಾರ. ವಿಶ್ವವಿದ್ಯಾನಿಲಯಗಳಲ್ಲಿ ಹೆರಿಗೆಯ ವಿದ್ಯೆಯನ್ನು ಕಲಿಸುವ ಪದ್ಧತಿ ಹೇಗೆ ಬೆಳೆಯಿತು ಎಂಬುದನ್ನು ಹೇಳಬೇಕೆಂದು ನನ್ನನ್ನು ಕರೆದಿದ್ದಾರೆ. ಹತ್ತು ವಿಶ್ವವಿದ್ಯಾನಿಲಯಗಳ ಹೆಸರು ಓದಿ ನಿಮ್ಮನ್ನು ದಣಿಸುವ ಬದಲು ವಿಯೆನ್ನಾ ಒಂದನ್ನೇ ಆರಿಸಿಕೊಂಡಿದ್ದೇನೆ. ಹೆರಿಗೆ ಮಾಡಿಸಲು ಕಲಿಯುವವರಿಗೆ ಮೊದಲ ಪಾಠ ಕೈ ತೊಳೆಯುವುದೇ ಆಗಬೇಕು ಎಂದು ನಾನು ಪಟ್ಟು ಹಿಡಿಯುವುದೇಕೆಂಬುದು ಆ ಊರಿನ ಕಥೆಯಿಂದ ತಿಳಿಯುತ್ತದೆ.

ವಿಯೆನ್ನಾದ ದೊಡ್ಡ ಸಾರ್ವಜನಿಕ ಆಸ್ಪತ್ರೆ 1784ರಲ್ಲಿ ತೆರೆಯಿತು. ಅಲ್ಲಿನ ಪ್ರಸೂತಿ ಪ್ರಾಧ್ಯಾಪಕ ಬೋಯರ್ ಶವಗಳ ಮೇಲೆ ಹೆರಿಗೆ ಕಲಿಸಲು ಒಪ್ಪದೆ ಬೊಂಬೆಯನ್ನಿಟ್ಟು ಪಾಠ ಮಾಡುತ್ತಿದ್ದರು. ಅವರ ಕಾಲದಲ್ಲಿ ಸಾಯುತ್ತಿದ್ದ ಬಾಣಂತಿಯರು ನೂರಕ್ಕೆ ಸುಮಾರು ಒಬ್ಬರು. 1822ರಲ್ಲಿ ಅವರು ಹುದ್ದೆ ಕಳೆದುಕೊಂಡರು; ಅವರ ಜಾಗಕ್ಕೆ ಬಂದ ಕ್ಲೈನ್ ಶವಗಳನ್ನು ಪಾಠಕ್ಕೆ ತಂದರು, ಬಾಣಂತಿಯರ ಸಾವು ಹಲವು ಪಟ್ಟು ಏರಿತು. ಆಗ ಯಾರೂ ಎರಡನ್ನೂ ಕೂಡಿಸಿ ನೋಡಲಿಲ್ಲ.

ಮುಂದೆ ಹೆರಿಗೆ ವಿಭಾಗ ಎರಡಾಗಿ, ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳೂ ಇನ್ನೊಂದರಲ್ಲಿ ಸೂಲಗಿತ್ತಿಯರೂ ಕಲಿಯತೊಡಗಿದರು. 1846ರಲ್ಲಿ ವಿದ್ಯಾರ್ಥಿಗಳ ವಿಭಾಗದಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ತಾಯಂದಿರು ಸತ್ತರೆ, ಸೂಲಗಿತ್ತಿಯರ ವಿಭಾಗದಲ್ಲಿ ಮೂವರಿಗಿಂತ ಕಡಿಮೆ. ಊರಿನ ಹೆಂಗಸರಿಗೆ ಇದು ತಿಳಿದಿತ್ತು. ಮೊದಲನೆಯ ವಿಭಾಗಕ್ಕೆ ಸೇರಿಸಬೇಡಿರೆಂದು ಅವರು ಅಂಗಲಾಚುತ್ತಿದ್ದರು. ಈ ತಾಯಂದಿರನ್ನು ಕೊಲ್ಲುತ್ತಿದ್ದುದು ಹೆರಿಗೆಯ ಬಳಿಕ ಬರುವ ಬಾಣಂತಿ ಜ್ವರ; ದಾರಿಯಲ್ಲೇ ಹೆತ್ತು ಬಂದವರಿಗೆ ಅದು ಅಪರೂಪ ಎಂಬುದನ್ನೂ ಗಮನಿಸಿ.

ಅದೇ ವರ್ಷ ಮೊದಲನೆಯ ವಿಭಾಗಕ್ಕೆ ಸಹಾಯಕನಾಗಿ ಬಂದ ಇಗ್ನಾಜ್ ಸೆಮ್ಮೆಲ್‌ವೈಸ್ ಕಾರಣಗಳನ್ನು ಒಂದೊಂದಾಗಿ ಹುಡುಕಿದರು. ಜನದಟ್ಟಣೆಯೋ ಎಂದರೆ ಎರಡನೆಯ ವಿಭಾಗದಲ್ಲೇ ಹೆಚ್ಚು ದಟ್ಟಣೆ. ಸಾಯುವವರ ಬಳಿಗೆ ಗಂಟೆ ಬಾರಿಸುತ್ತ ಹೋಗುವ ಪಾದ್ರಿಯನ್ನು ಕಂಡು ಬಾಣಂತಿಯರು ಹೆದರುತ್ತಿರಬಹುದೆಂದು, ಗಂಟೆಯಿಲ್ಲದೆ ಸುತ್ತುದಾರಿಯಲ್ಲಿ ಹೋಗುವಂತೆ ಆತನನ್ನು ಬೇಡಿಕೊಂಡರು. ಸಾವು ಇಳಿಯಲಿಲ್ಲ. 1847ರ ಮಾರ್ಚಿನಲ್ಲಿ, ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ಬೆರಳಿಗೆ ತಗುಲಿ, ಅವರ ಸ್ನೇಹಿತ ಪ್ರಾಧ್ಯಾಪಕ ಕೊಲೆಚ್ಕಾ ತೀರಿಕೊಂಡರು. ಆ ದೇಹದಲ್ಲಿ ಕಂಡದ್ದು ಬಾಣಂತಿಯರ ದೇಹದಲ್ಲಿ ಕಾಣುತ್ತಿದ್ದ ಲಕ್ಷಣಗಳೇ. ಸೆಮ್ಮೆಲ್‌ವೈಸರಿಗೆ ಹೊಳೆಯಿತು: ಶವಾಗಾರದಿಂದ ನೇರವಾಗಿ ಹೆರಿಗೆಮನೆಗೆ ಬರುತ್ತಿದ್ದುದು ಕೈ, ಆ ಕೈಯ ಜೊತೆಗೆ ವಿಷ. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ಅಷ್ಟೇ ವ್ಯತ್ಯಾಸ!

ಸಾಬೂನಿನಿಂದ ತೊಳೆದರೂ ಕೈಗೆ ಶವದ ವಾಸನೆ ಉಳಿಯುತ್ತಿತ್ತು. ಅದನ್ನು ಕಳೆಯುವ ಕ್ಲೋರಿನ್ ದ್ರಾವಣದಲ್ಲಿ, ಬಳಿಕ ಅದಕ್ಕಿಂತ ಅಗ್ಗವಾದ ಕ್ಲೋರಿನ್ ಸುಣ್ಣದ ನೀರಿನಲ್ಲಿ, ಪ್ರತಿಯೊಬ್ಬನೂ ಕೈ ತೊಳೆಯಬೇಕೆಂದು ಮೇ ತಿಂಗಳಲ್ಲಿ ನಿಯಮ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್‌ನಲ್ಲಿ ಎರಡರ ಆಸುಪಾಸಿಗೆ ಇಳಿಯಿತು. ಅಕ್ಟೋಬರಿನಲ್ಲಿ ಗರ್ಭಕೋಶದ ಕ್ಯಾನ್ಸರ್ ಇದ್ದ ಒಬ್ಬಾಕೆಯನ್ನು ಪರೀಕ್ಷಿಸಿದ ಕೈಗಳನ್ನು ಸರಿಯಾಗಿ ತೊಳೆಯದೆ ಉಳಿದವರನ್ನು ಮುಟ್ಟಿದಾಗ, ಆಗ ಹೆರಿಗೆಯಲ್ಲಿದ್ದ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು. ಅಲ್ಲಿಂದ ಮುಂದೆ ಒಬ್ಬಾಕೆಯಿಂದ ಇನ್ನೊಬ್ಬಾಕೆಯ ಬಳಿಗೆ ಹೋಗುವ ಮುನ್ನವೂ ಕೈ ತೊಳೆಯಬೇಕಾಯಿತು. 1848ರ ಮಾರ್ಚ್ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಆ ವಿಭಾಗದಲ್ಲಿ ಒಬ್ಬ ಬಾಣಂತಿಯೂ ಸಾಯಲಿಲ್ಲ. ಇಷ್ಟು ಸ್ಪಷ್ಟ ಲೆಕ್ಕವನ್ನು ಕಂಡೂ ಹಿರಿಯರು ಹುಬ್ಬು ಗಂಟಿಕ್ಕಿದರೆಂಬುದನ್ನು ಹೇಳುವಾಗ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಎಡಿನ್‌ಬರೊದಲ್ಲಿ ಸಿಂಪ್ಸನ್ ಎಂಬ ವೈದ್ಯರು ಅದೇ 1847ರಲ್ಲಿ ಹೆರಿಗೆಯ ನೋವಿಗೆ ಅರಿವಳಿಕೆಯಾಗಿ ಕ್ಲೋರೋಫಾರಂ ಬಳಸಿದ್ದನ್ನು ವಿವರಿಸಬೇಕೆಂದಿದ್ದೆ; ಗಡಿಯಾರ ಬಿಡುತ್ತಿಲ್ಲ. ನೋವು ತಗ್ಗಿಸುವುದು ದೊಡ್ಡದೇ, ಆದರೆ ಅದಕ್ಕೂ ಮೊದಲು ಕೈ ತೊಳೆಯಬೇಕು.

ಸೆಮ್ಮೆಲ್‌ವೈಸರ ಹುದ್ದೆಯನ್ನು 1849ರಲ್ಲಿ ಮುಂದುವರಿಸಲಿಲ್ಲ. ಮರುವರ್ಷ ವಿಯೆನ್ನಾ ಅವರಿಗೆ ಪಾಠ ಹೇಳುವ ಅನುಮತಿ ಕೊಟ್ಟಿತು, ಬೊಂಬೆಯ ಮೇಲೆ ಮಾತ್ರ ಕಲಿಸಬೇಕೆಂಬ ಷರತ್ತಿನೊಂದಿಗೆ. ಬೋಯರ್ ಯಾವ ಬೊಂಬೆಯನ್ನು ಬಿಡಲು ಒಪ್ಪಿರಲಿಲ್ಲವೋ ಅದನ್ನೇ ಈಗ ಸೆಮ್ಮೆಲ್‌ವೈಸರಿಗೆ ಕಟ್ಟಳೆಯಾಗಿ ವಿಧಿಸಿದರು. ಕೆಲವೇ ದಿನಗಳಲ್ಲಿ ಅವರು ಯಾರಿಗೂ ಹೇಳದೆ ವಿಯೆನ್ನಾ ಬಿಟ್ಟು ಹಂಗೇರಿಯ ಪೆಸ್ಟ್ ನಗರಕ್ಕೆ ಹೊರಟುಹೋದರು.