ಇನ್ವರ್ಸ್ ಟ್ರಿಗ್ನಾಮೆಟ್ರಿ: ಸೂತ್ರಕ್ಕಿಂತ ಮೊದಲು ರೇಂಜ್ ನೋಡಿ

ನಮಸ್ಕಾರ. ಇನ್ವರ್ಸ್ ಟ್ರಿಗ್ನಾಮೆಟ್ರಿ ಅಂದರೆ ಸೈನ್, ಕಾಸ್ ಇಂಥವುಗಳ ಬೆಲೆಯಿಂದ ಕೋನವನ್ನು ಹುಡುಕುವುದು. ಅದರ ಆರು ಡೆರಿವೇಟಿವ್‌ಗಳನ್ನು (ಅಂದರೆ ಗ್ರಾಫ್‌ನ ಸ್ಲೋಪ್ ಹೇಳುವ ಸೂತ್ರಗಳನ್ನು) ಸುಮ್ನೆ ಬಾಯಿಪಾಠ ಮಾಡಿಸುವುದು ತಪ್ಪು ಅಂತ ನನ್ನ ಅಭಿಪ್ರಾಯ. ಸೂತ್ರ ನೆನಪಿರುತ್ತದೆ, ಅದು ಎಲ್ಲಿಂದ ಬಂತು ಅನ್ನೋದು ಮರೆತುಹೋಗುತ್ತದೆ. ಆಮೇಲೆ ಪ್ಲಸ್ ಮೈನಸ್ ತಪ್ಪುತ್ತದೆ.

ಸೈನ್ ಇನ್ವರ್ಸ್ ಎಕ್ಸ್ ತೆಗೆದುಕೊಳ್ಳಿ. ಅದನ್ನು ವೈ ಅಂತ ಇಟ್ಟುಕೊಂಡರೆ ಸೈನ್ ವೈ ಅಂದರೆ ಎಕ್ಸ್. ಎರಡೂ ಕಡೆ ಡಿಫರೆನ್ಷಿಯೇಟ್ ಮಾಡಿ. ಎಡಗಡೆ ಕಾಸ್ ವೈ ಇಂಟು ಡಿವೈ ಬೈ ಡಿಎಕ್ಸ್, ಬಲಗಡೆ 1. ಅಂದರೆ ನಮಗೆ ಬೇಕಾದ್ದು 1 ಬೈ ಕಾಸ್ ವೈ. ಸೈನ್ ಸ್ಕ್ವೇರ್ ಪ್ಲಸ್ ಕಾಸ್ ಸ್ಕ್ವೇರ್ 1 ಆದ್ದರಿಂದ ಈ ಕಾಸ್ ವೈ ಅನ್ನು ರೂಟ್ ಆಫ್ 1 ಮೈನಸ್ ಎಕ್ಸ್ ಸ್ಕ್ವೇರ್ ಅಂತ ಬರೆಯುತ್ತೇವೆ. ಆದರೆ ರೂಟ್ ತೆಗೆದರೆ ಪ್ಲಸ್ಸೂ ಬರಬಹುದು, ಮೈನಸ್ಸೂ ಬರಬಹುದು, ಅಲ್ವಾ? ಪ್ಲಸ್ಸೇ ಯಾಕೆ? ವೈ ಇರುವುದು ಮೈನಸ್ ಪೈ ಬೈ 2ರಿಂದ ಪೈ ಬೈ 2ರವರೆಗೆ. ಉತ್ತರ ಬರಬಹುದಾದ ಈ ವ್ಯಾಪ್ತಿಯೇ ರೇಂಜ್. ಅಲ್ಲಿ ಕಾಸ್ ಸೊನ್ನೆಗಿಂತ ಕೆಳಗೆ ಇಳಿಯುವುದೇ ಇಲ್ಲ. ಈ ಸಾಲನ್ನು ಬೋರ್ಡಿನ ಮೇಲೆ ಬರೆಯದೆ ಮುಂದೆ ಹೋದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಕಾಸ್ ಇನ್ವರ್ಸ್‌ಗೆ ಬೇರೆ ಕಸರತ್ತು ಬೇಡ. ಸೈನ್ ಇನ್ವರ್ಸ್ ಎಕ್ಸ್, ಕಾಸ್ ಇನ್ವರ್ಸ್ ಎಕ್ಸ್ ಎರಡನ್ನೂ ಕೂಡಿಸಿದರೆ ಪೈ ಬೈ 2. ಹಾಗಾಗಿ ಅದೇ ಉತ್ತರಕ್ಕೆ ಮೈನಸ್ ಹಾಕಿ, ಮುಗಿಯಿತು.

ರೇಂಜ್ ಮರೆತರೆ ಏನಾಗುತ್ತದೆ ನೋಡಿ. ಸೈನ್ ಇನ್ವರ್ಸ್ ಒಳಗೆ ಒಂದು ಭಿನ್ನರಾಶಿ: ಮೇಲೆ 2ಎಕ್ಸ್, ಕೆಳಗೆ 1 ಪ್ಲಸ್ ಎಕ್ಸ್ ಸ್ಕ್ವೇರ್. ಪರೀಕ್ಷೆಗೆ ಓದಿದವರಿಗೆ ಚೆನ್ನಾಗಿ ಗೊತ್ತಿರುವ ಲೆಕ್ಕ. ಎಕ್ಸ್ ಬದಲು ಟ್ಯಾನ್ ತೀಟಾ ಹಾಕುತ್ತಾರೆ, ಒಳಗೆ ಸೈನ್ 2ತೀಟಾ ಆಗುತ್ತದೆ, ಉತ್ತರ 2 ಟ್ಯಾನ್ ಇನ್ವರ್ಸ್ ಎಕ್ಸ್. ಡೆರಿವೇಟಿವ್ ತೆಗೆದರೆ ಮೇಲೆ 2, ಕೆಳಗೆ 1 ಪ್ಲಸ್ ಎಕ್ಸ್ ಸ್ಕ್ವೇರ್. ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ.

ಈಗ ಎಕ್ಸ್ ಜಾಗದಲ್ಲಿ ರೂಟ್ 3 ಹಾಕಿ. ಮೇಲೆ 2 ರೂಟ್ 3, ಕೆಳಗೆ 4. ಅಂದರೆ ರೂಟ್ 3 ಬೈ 2, ಅದರ ಸೈನ್ ಇನ್ವರ್ಸ್ ಪೈ ಬೈ 3. ಆದರೆ 2 ಟ್ಯಾನ್ ಇನ್ವರ್ಸ್ ರೂಟ್ 3 ಎಷ್ಟು? 2ಪೈ ಬೈ 3! ಎಕ್ಸ್ 1ನ್ನು ದಾಟಿದ ಕೂಡಲೇ 2ತೀಟಾ ಪೈ ಬೈ 2ನ್ನು ದಾಟಿ ರೇಂಜಿನ ಹೊರಗೆ ಹೋಗಿರುತ್ತದೆ. ಅಲ್ಲಿಂದಾಚೆ ಸರಿಯಾದ ಉತ್ತರ ಪೈ ಮೈನಸ್ 2 ಟ್ಯಾನ್ ಇನ್ವರ್ಸ್ ಎಕ್ಸ್. ಡೆರಿವೇಟಿವ್‌ಗೂ ಮೈನಸ್ ಬರುತ್ತದೆ.

ಸೂತ್ರ ಇಲ್ಲದೆಯೂ ಇದು ಕಾಣುತ್ತದೆ. ಆ ಭಿನ್ನರಾಶಿ, ಎಕ್ಸ್ 1 ಆಗುವಾಗ 1ರವರೆಗೆ ಏರಿ, ಆಮೇಲೆ ಇಳಿಯುತ್ತಾ ಹೋಗುತ್ತದೆ. ಇಳಿಯುವ ಫಂಕ್ಷನ್‌ಗೆ ಪ್ಲಸ್ ಡೆರಿವೇಟಿವ್ ಹೇಗೆ ಬಂದೀತು? ಸರಿಯಾಗಿ 1ರಲ್ಲಿ ಎಡಗಡೆಯ ಸ್ಲೋಪ್ 1, ಬಲಗಡೆಯದು ಮೈನಸ್ 1. ಅಲ್ಲಿ ಡೆರಿವೇಟಿವೇ ಇಲ್ಲ. ಮೈನಸ್ 1ರಲ್ಲೂ ಇದೇ ಕಥೆ.

ಪಾಠ ಮಾಡುವವರಲ್ಲಿ ನನ್ನ ವಿನಂತಿ: ಈ ಲೆಕ್ಕ ಕೊಡುವಾಗ ಎಕ್ಸ್ ಎಲ್ಲಿಂದ ಎಲ್ಲಿವರೆಗೆ ಅಂತ ಪ್ರಶ್ನೆಯಲ್ಲೇ ಬರೆಯಿರಿ. ಬರೆಯದಿದ್ದರೆ, ಎಲ್ಲ ಭಾಗಗಳನ್ನೂ ಬಿಡಿಸಿ ತೋರಿಸಿದ ವಿದ್ಯಾರ್ಥಿಗೆ ಮಾತ್ರ ಪೂರ್ತಿ ಅಂಕ ಕೊಡಿ.