ಗೆದ್ದ ಮರುದಿನ ಮೇಲಿನ ಸ್ಟೇಕ್ಸ್‌ಗೆ (ಹೆಚ್ಚು ದುಡ್ಡಿನ ಆಟಕ್ಕೆ) ಹೋಗಬೇಕಾ?

ಸ್ನೇಹಿತರೇ, ನಮಸ್ಕಾರ. ಇಲ್ಲಿ ಇಂಗ್ಲೆಂಡಿನಲ್ಲಿ ಆನ್‌ಲೈನ್ ಪೋಕರ್‌ಗೆ ಕಾನೂನಿನ ಅಡ್ಡಿ ಇಲ್ಲ. ಭಾರತದಲ್ಲಿ 2025ರ ಕಾನೂನು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ಬಾಗಿಲು ಹಾಕಿದೆ. ಊರಿಗೆ ಹೋದಾಗ ಅಮ್ಮನ ಜೊತೆ ಮಾತಾಡಿ, ಸಾಕು!

ಈಗಷ್ಟೇ ಒಬ್ಬರು ಕೇಳಿದರು: "ಸರ್, 5 ಪೌಂಡಿನ ಟೂರ್ನಮೆಂಟ್ ಗೆದ್ದೆ, ಇನ್ನು 50ಕ್ಕೆ ಹೋಗ್ಲಾ?" ನಾನು ತಿರುಗಿ ಕೇಳುವುದು ಒಂದೇ. ಬ್ಯಾಂಕ್‌ರೋಲ್ ಎಷ್ಟಿದೆ? ಅಂದರೆ, ಮನೆ ಬಾಡಿಗೆ, ಮಕ್ಕಳ ಫೀಸು ಎಲ್ಲ ತೆಗೆದಿಟ್ಟ ಮೇಲೆ ಪೋಕರ್‌ಗೆ ಅಂತಲೇ ಉಳಿದ ದುಡ್ಡು.

ಕ್ರಿಸ್ ಫರ್ಗುಸನ್ ಗೊತ್ತಲ್ವಾ? 2000ದ ಪೋಕರ್ ವಿಶ್ವ ಸರಣಿಯ ಮುಖ್ಯ ಟೂರ್ನಮೆಂಟ್, ಅಂದರೆ ಮೇನ್ ಇವೆಂಟ್ ಗೆದ್ದವರು, ಕಂಪ್ಯೂಟರ್ ಸೈನ್ಸ್‌ನಲ್ಲಿ ಪಿಎಚ್‌ಡಿ. 2006ರಲ್ಲಿ ಅವರು ಸೊನ್ನೆಯಿಂದ ಶುರುಮಾಡಿ 10,000 ಡಾಲರ್ ಮಾಡುತ್ತೇನೆ ಎಂದು ಹೊರಟರು. ಕೈಯಿಂದ ಒಂದು ಪೈಸೆ ಹಾಕಲಿಲ್ಲ. ಫ್ರೀರೋಲ್ (ದುಡ್ಡು ಕಟ್ಟದೆ ಆಡುವ ಟೂರ್ನಮೆಂಟ್) ಆಡಿ ಒಂದೆರಡು ಡಾಲರ್ ಕೂಡಿಸುವುದು, ಕಳೆದುಕೊಳ್ಳುವುದು, ಮತ್ತೆ ಫ್ರೀರೋಲ್. ಅಷ್ಟು ದೊಡ್ಡ ಆಟಗಾರ ಚಿಲ್ಲರೆಗಾಗಿ ಗಂಟೆಗಟ್ಟಲೆ ಕೂತರು! ಆಮೇಲೆ 1 ಡಾಲರಿನ ಒಂದು ಟೂರ್ನಮೆಂಟಿನಲ್ಲಿ ಎರಡನೇ ಸ್ಥಾನ ಬಂತು, 104 ಡಾಲರ್ ಸಿಕ್ಕಿತು. ನೀವಾಗಿದ್ದರೆ 20ರದ್ದಕ್ಕೆ ಹಾರುತ್ತಿದ್ದಿರಿ, ಅಲ್ವಾ? ಅವರ ನಿಯಮ ಬೇರೆ. ಟೂರ್ನಮೆಂಟಿನ ಬೈ-ಇನ್, ಅಂದರೆ ಆಟಕ್ಕೆ ಸೇರಲು ಕಟ್ಟುವ ದುಡ್ಡು, ಬ್ಯಾಂಕ್‌ರೋಲಿನ 2% ದಾಟಬಾರದು. 104ರಲ್ಲಿ 2% ಅಂದರೆ 2 ಡಾಲರ್ ಚಿಲ್ಲರೆ. ಅಷ್ಟೇ. ದುಡ್ಡು ಕರಗಿದರೆ ಕೆಳಗಿನ ಸ್ಟೇಕ್ಸ್‌ಗೆ ಇಳಿಯಲೇಬೇಕು. ಕೊನೆಗೆ 10,000 ಮುಟ್ಟಿದರು.

ಇಷ್ಟು ಬಿಗಿ ಯಾಕೆ? ನೀವು ನೂರಕ್ಕೆ 15 ಸಲ ಕ್ಯಾಶ್ ಆಗುವವರು, ಅಂದರೆ ಬಹುಮಾನದ ದುಡ್ಡು ಪಡೆಯುವವರು ಎಂದುಕೊಳ್ಳಿ. ಒಳ್ಳೆಯ ಲೆಕ್ಕವೇ. ಆದರೂ 1,000 ಟೂರ್ನಮೆಂಟ್ ಆಡುವಷ್ಟರಲ್ಲಿ, ಸತತ 20 ಸಲ ಬರಿಗೈ ಆಗುವ ಓಟ ಸರಾಸರಿ ಐದಾರು ಬಾರಿ ಬಂದೇ ಬರುತ್ತದೆ. ಕ್ಯಾಶ್ ಆದಾಗಲೂ ಹೆಚ್ಚಿನ ಸಲ ಸಿಗುವುದು ಬೈ-ಇನ್‌ನ ಎರಡು ಪಟ್ಟಿನಷ್ಟು ಮಾತ್ರ. ದೊಡ್ಡ ಮೊತ್ತವೆಲ್ಲ ಮೊದಲ ಕೆಲವರಿಗೆ. ಹಾಗಾಗಿ ಸಾವಿರಾರು ಜನ ಆಡುವ ಟೂರ್ನಮೆಂಟಿಗೆ 2% ಕೂಡ ಜಾಸ್ತಿಯೇ, ನಾನಂತೂ 1% ಅನ್ನುತ್ತೇನೆ. ಮೇಲೆ ಹೋದಷ್ಟೂ ಎದುರಾಳಿಗಳು ಗಟ್ಟಿ, ನಿಮ್ಮ ಲಾಭದ ಪಾಲು ಸಣ್ಣದು. ಒಂದು ಗೆಲುವು ಇದ್ಯಾವುದನ್ನೂ ಬದಲಿಸುವುದಿಲ್ಲ. ಬ್ಯಾಂಕ್‌ರೋಲ್ ಎಷ್ಟಿದೆ, ಹೇಳಿ!

"ಕ್ರಿಸ್ ಮನಿಮೇಕರ್ 2003ರ ಮೇನ್ ಇವೆಂಟಿನಲ್ಲಿ 25 ಲಕ್ಷ ಡಾಲರ್ ಗೆದ್ದರಲ್ಲ?" ಅನ್ನುತ್ತೀರಿ. ಗೆದ್ದರು. ಆದರೆ 10,000 ಡಾಲರಿನ ಬೈ-ಇನ್ ಅವರ ಜೇಬಿನಿಂದ ಹೋಗಲಿಲ್ಲ. 86 ಡಾಲರಿನ ಆನ್‌ಲೈನ್ ಸ್ಯಾಟಲೈಟ್‌ನಿಂದ (ದೊಡ್ಡ ಟೂರ್ನಮೆಂಟಿಗೆ ಪ್ರವೇಶ ಗೆದ್ದುಕೊಳ್ಳುವ ಅಗ್ಗದ ಟೂರ್ನಮೆಂಟ್) ಶುರುಮಾಡಿ ಸೀಟು ಗೆದ್ದಿದ್ದರು. ಮೇಲಿನ ಸ್ಟೇಕ್ಸ್ ರುಚಿ ನೋಡಲೇಬೇಕೆಂದರೆ ಸ್ಯಾಟಲೈಟ್ ಒಳ್ಳೆಯ ದಾರಿ.

ಸಮಯ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ಒಂದೇ ಸಲ ಎಷ್ಟು ಟೇಬಲ್ ಆಡಬೇಕು ಅನ್ನುವುದನ್ನು ಬಿಡುತ್ತೇನೆ. ರೀ-ಎಂಟ್ರಿ, ಅಂದರೆ ಸೋತು ಹೊರಬಿದ್ದ ಮೇಲೆ ಮತ್ತೆ ದುಡ್ಡು ಕಟ್ಟಿ ಒಳಬರುವುದು, ಅದನ್ನು ಮಾತ್ರ ಹೇಳಿಬಿಡುತ್ತೇನೆ: 10 ಪೌಂಡಿನದ್ದಕ್ಕೆ ಮೂರು ಸಲ ನುಗ್ಗುವವರಿಗೆ ಅದು 30 ಪೌಂಡಿನ ಟೂರ್ನಮೆಂಟು. 1% ಲೆಕ್ಕ ಹಾಕುವಾಗ ಆ 30ನ್ನೇ ಹಿಡಿಯಿರಿ. ಪ್ರಶ್ನೆಗಳಿದ್ದರೆ ಕೇಳಿ.